ತೂಕದ ಕುಬೇರಪ್ಪ ಬಾಣಕ್ಕೆ ವಾರ್ನಿಶ್ ಹಚ್ಚಿದ್ದು

ಅಮರಗೋಳದ ಮಾರ್ಕೆಟ್ ಯಾರ್ಡಿನಲ್ಲಿ ಕುಬೇರಪ್ಪ ಅಂದರೆ ಯಾವ ಕುಬೇರಪ್ಪ ಎಂದು ಕೇಳುತ್ತಾರೆ. ತೂಕದ ಕುಬೇರಪ್ಪ ಅನ್ನಬೇಕು. ಮೂವತ್ತೆಂಟು ವರ್ಷ ಅಲ್ಲಿ ತೂಕ ಹಿಡಿದವ. ಶೇಂಗಾ, ಮೆಣಸಿನಕಾಯಿ, ಹತ್ತಿ, ಹೆಸರು, ಯಾವ ಮಾಲು ಬಂದರೂ ಚೀಲ ಕಾಟಾ ಏರುವ ಮೊದಲೇ ಅದರ ಮೂಲೆ ಹಿಡಿದು ಒಮ್ಮೆ ಎತ್ತಿ ನೋಡುತ್ತಿದ್ದ. "ಅರ್ಧ ಕಿಲೋ ಕಡಿಮಿ ಐತಿ" ಅಂದನೆಂದರೆ ಅರ್ಧ ಕಿಲೋ ಕಡಿಮೆಯೇ. ಅವನ ಜೋಡಿ ನಾನು ಹನ್ನೊಂದು ವರ್ಷ ಚೀಲ ಹೊತ್ತಿದ್ದೇನೆ. ಅವನ ಅಂದಾಜು ತಪ್ಪಿದ್ದನ್ನು ಎರಡೇ ಸಲ ಕಂಡಿದ್ದೇನೆ. ಎರಡೂ ಸಲ ಅವನಿಗೆ ಮೈ ಸುಡುವ ಜ್ವರ ಇತ್ತು.

ಓದಿದ್ದು ನಾಲ್ಕನೇ ಇಯತ್ತೆ. ಅಪ್ಪ ತೀರಿದ ವರ್ಷ ಸಾಲಿ ಬಿಟ್ಟು ಯಾರ್ಡಿಗೆ ಬಂದ. ತೂಕವನ್ನು ಅವನಿಗೆ ಯಾರೂ ಕೂರಿಸಿಕೊಂಡು ಕಲಿಸಲಿಲ್ಲ. ಕಸ ಹೊಡೆಯುತ್ತ, ಚೆಲ್ಲಿದ ಕಾಳು ಬಳಿಯುತ್ತ, ಹಿರಿಯ ತೂಕದವರ ಕೈಯನ್ನೇ ನೋಡುತ್ತ ಕಲಿತ. ಹಗ್ಗದ ತಕ್ಕಡಿ ಹೋಗಿ ಕರೆಂಟಿನ ಕಾಟಾ ಬಂದಾಗ ಉಳಿದವರು ಹೆದರಿ ದೂರ ನಿಂತರು. ಇವನು ಒಂದೇ ವಾರದಲ್ಲಿ ಅದರ ಗುಣ ಅವಗುಣ ತಿಳಿದುಕೊಂಡ. ಗಾಳಿ ಬೀಸಿದರೆ ಅದು ಅಂಕಿ ಬದಲಿಸುತ್ತದೆಂದು ಸುತ್ತಲೂ ಗೋಣಿತಟ್ಟು ಕಟ್ಟಿಸಿದ. ಹಗುರ ಬಿದ್ದ ಚೀಲಕ್ಕೆ ಒಂದು ಬೊಗಸೆ ಕಾಳು ಸುರಿಯುವುದು, ಭಾರ ಬಿದ್ದದ್ದರಿಂದ ಒಂದು ಬೊಗಸೆ ತೆಗೆಯುವುದು, ಹೀಗೆ ಸಾಲಿನ ಚೀಲವೆಲ್ಲ ಒಂದೇ ತೂಕಕ್ಕೆ ತರುವುದು ಅವನಿಗೆ ಉಸಿರಾಟದಷ್ಟು ರೂಢಿ. ಅರವತ್ತೆರಡಕ್ಕೆ ಕೆಲಸ ಬಿಟ್ಟ. ಬಿಟ್ಟ ಮೇಲೂ ಮನೆಯ ಸಾರಿನ ಪಾತ್ರೆ ಎತ್ತಿದಾಗ ಇಷ್ಟು ತೂಕ ಇದೆ ಎಂದು ಹೇಳದೆ ಇಳಿಸುತ್ತಿರಲಿಲ್ಲ. ಹೆಂಡತಿ ಮುರಿಗೆವ್ವನಿಗೆ ಇದು ತಲೆನೋವು.

ಹೋದ ವರ್ಷ ಜುಲೈ ತಿಂಗಳ ಒಂದು ಸಂಜೆ ಸೌಮ್ಯಾ ಅವರ ಮನೆಗೆ ಬಂದಳು. ಮುರಿಗೆವ್ವನ ತಮ್ಮನ ಮಗಳು. ಮನೆ ಧಾರವಾಡದ ಕೆಲಗೇರಿಯಲ್ಲಿ, ವಯಸ್ಸು ಆಗ ಹತ್ತೊಂಬತ್ತರ ಹತ್ತಿರ. ನಾಲ್ಕು ವರ್ಷದಿಂದ ಕೆರೆಯ ಮಗ್ಗುಲಿನ ಬಯಲಿನಲ್ಲಿ ಬಿಲ್ಲುಗಾರಿಕೆ ಕಲಿಯುತ್ತಿದ್ದಳು. ದೇಶಿ ಬಿಲ್ಲಿನ ವಿಭಾಗ ಅವಳದು: ಬಿದಿರಿನ ಬಿಲ್ಲು, ಕಟ್ಟಿಗೆಯ ಬಾಣ. ಬೇರೆ ಬಾಣ ಅಲ್ಲಿ ನಡೆಯುವುದಿಲ್ಲ. ಅವತ್ತು ಜಿಲ್ಲೆಯ ಆಯ್ಕೆ ಇತ್ತು. ಬಂದವಳೇ ಬಾಣಗಳ ಕಟ್ಟನ್ನು ಪಡಸಾಲೆಯಲ್ಲಿ ಒಗೆದಳು.

"ಅತ್ತಿ, ಇವನ್ನ ಒಲಿಗೆ ಹಾಕ್ರಿ."

"ನಮ್ಮನ್ಯಾಗ ಗ್ಯಾಸ್ ಐತಿ. ನೀರೊಲಿ ಹೂತು ಹತ್ತು ವರ್ಷಾತು" ಅಂದಳು ಮುರಿಗೆವ್ವ. "ಏನಾತು, ಮದ್ಲ ಕುಂದ್ರು."

ಆದದ್ದು ಇಷ್ಟು. ಮಧ್ಯಾಹ್ನ ಜಿಟಿಜಿಟಿ ಹಿಡಿದಿತ್ತು. ಮೊದಲ ಸುತ್ತಿನಲ್ಲಿ ಸೌಮ್ಯಾ ಮುಂದೆ ಇದ್ದಳು. ಆಮೇಲೆ ಬಾಣಗಳು ನೀರು ಕುಡಿದವು, ಕುಡಿದು ಬಾಗಿದವು. ಕಣ್ಣಿಗೆ ಕಂಡೂ ಕಾಣದಷ್ಟು ಬಾಗಿದರೂ ಸಾಕು, ಐವತ್ತು ಮೀಟರ್ ದೂರದಲ್ಲಿ ಗುರಿ ಮೊಳದಷ್ಟು ತಪ್ಪುತ್ತದೆ. ನಾಲ್ವರನ್ನು ಆರಿಸಿದರು, ಇವಳು ಏಳನೆಯವಳಾದಳು.

ಕುಬೇರಪ್ಪ ಎರಡು ಬಾಣ ಎತ್ತಿಕೊಂಡು ಅಂಗೈಗೊಂದರಂತೆ ಇಟ್ಟುಕೊಂಡ.

"ಇದು ಹಗುರ ಐತಿ. ಇದು ಭಾರ ಐತಿ" ಅಂದ.

"ಎಲ್ಲಾ ಒಂದ ಅಂಗಡಿಯವು ಮಾಮಾ."

"ಒಂದ ಹೊಲದ ಶೇಂಗಾನೂ ಚೀಲಕ್ಕೊಂದು ತೂಕ ಬರತಾವ. ಮತ್ತ, ಇವಕ್ಕ ಮೈಮ್ಯಾಲ ಏನೂ ಹಚ್ಚಿಲ್ಲಲ್ಲ. ಬರಿಮೈಲೆ ಮಳ್ಯಾಗ ನಿಲ್ಲಿಸಿದ್ರ ಏನ್ ಆದೀತು?"

ಏನೋ ತೆಳ್ಳಗೆ ಹಚ್ಚಿರುತ್ತಾರೆ, ಹುಲ್ಲಿನ ಗುರಿಹಲಗೆಗೆ ಹೊಕ್ಕು ಹೊರಬಂದು ನಾಲ್ಕು ತಿಂಗಳಲ್ಲಿ ಸವೆದುಹೋಗುತ್ತದೆ ಎಂದಳು ಸೌಮ್ಯಾ. ಆಮೇಲೆ ಗೋಡೆ ಕಡೆ ಮುಖ ಮಾಡಿ ಇನ್ನೊಂದು ಮಾತು ಹೇಳಿದಳು. ಅವಳ ವಯಸ್ಸಿನ ವಿಭಾಗದಲ್ಲಿ ಉಳಿದದ್ದು ಇನ್ನೊಂದೇ ವರ್ಷ. ಬರುವ ಜುಲೈಯಲ್ಲಿ ತಪ್ಪಿದರೆ ದೊಡ್ಡವರ ಸಾಲಿನಲ್ಲಿ ನಿಲ್ಲಬೇಕು, ಅಲ್ಲಿ ಹದಿನೈದು ವರ್ಷ ಪಳಗಿದವರು ಇರುತ್ತಾರೆ. ಒಮ್ಮೆ ರಾಜ್ಯದ ತಂಡಕ್ಕೆ ಹೋಗದಿದ್ದರೆ ಮನೆಯಲ್ಲಿ ಬಿಲ್ಲು ಅಟ್ಟ ಏರುತ್ತದೆ.

"ಬರು ವರ್ಷ ಬಾಣಕ್ಕ ನೀರು ಮುಟ್ಟಂಗಿಲ್ಲ. ಅದು ನನ್ನ ಕೆಲಸ" ಅಂದ ಕುಬೇರಪ್ಪ.

ಮುರಿಗೆವ್ವ ನಕ್ಕಳು. "ಮೂವತ್ತೆಂಟು ವರ್ಷ ಚೀಲ ತೂಗಿದವ್ರು ಬಾಣಕ್ಕ ಏನ್ ಹಚ್ಚತೀರಿ? ಖಾರಪುಡಿ?"

ಈ ವರ್ಷ ಏಪ್ರಿಲ್ ಕೊನೆಗೆ ಸೌಮ್ಯಾಳ ತರಬೇತಿಯ ಪ್ರಸಾದ ಸರ್ ಹೊರರಾಜ್ಯದಿಂದ ನಲವತ್ತು ಬರಿಗಡ್ಡಿ ತರಿಸಿದರು. ಮೊನೆ ಇಲ್ಲ, ಗರಿ ಇಲ್ಲ, ಕಿರುಬೆರಳಿಗಿಂತ ತೆಳ್ಳನೆಯ ಉದ್ದನೆಯ ಕಟ್ಟಿಗೆ ಕಡ್ಡಿಗಳು. ಕುಬೇರಪ್ಪ ಅವನ್ನು ಪಂಚೆಯಲ್ಲಿ ಸುತ್ತಿಕೊಂಡು ಬಸ್ ಹತ್ತಿ ಹುಬ್ಬಳ್ಳಿಯ ದುರ್ಗದಬೈಲಿಗೆ ಹೋದ. ಅಲ್ಲಿ ಬಟ್ಟೆ ಅಂಗಡಿಗಳ ಹಿಂದಿನ ಓಣಿಯಲ್ಲಿ ಅಬ್ದುಲಗನಿಯ ಪಾಲಿಶ್ ಅಂಗಡಿ. ಕಪಾಟು, ಮಂಚ, ಬಾಗಿಲು, ಐವತ್ತು ವರ್ಷದಿಂದ ಕಟ್ಟಿಗೆಗೆ ಹೊಳಪು ಕೊಡುವ ಕೈ. ಇಬ್ಬರೂ ಎಳವೆಯ ಗೆಳೆಯರು. ಅಬ್ದುಲಗನಿಯ ತಂದೆ ಯಾರ್ಡಿನಲ್ಲಿ ಗಾಡಿ ಹೊಡೆಯುತ್ತಿದ್ದರು.

"ಯಾರ ಮ್ಯಾಲ ಯುದ್ಧ ಕುಬೇರಣ್ಣ?" ಅಂದ ಅಬ್ದುಲಗನಿ, ಕಡ್ಡಿಗಳನ್ನು ನೋಡಿ.

"ಮಳಿ ಮ್ಯಾಲ."

"ಹಂಗಾದ್ರ ಸೋತಿ ಬಿಡು. ಧಾರವಾಡದ ಮಳಿಗೆ ನನ್ನ ಸ್ಪಿರಿಟ್ ಪಾಲಿಶೂ ಸಲಾಂ ಹೊಡಿತೈತಿ. ಹೊಳಪು ರಾಜನಂಗ ಬರತೈತಿ ಖರೇ, ತಂಪು ಬಿದ್ದ ಕೂಡಲೇ ಮಬ್ಬು ಹಿಡಿದು ಬೂದಿ ಬಳಿದಂಗ ಕಾಣತೈತಿ."

"ಮತ್ತ ಏನ್ ಹಚ್ಚಲಿ?"

"ನಿನಗ ಬರಂಗಿಲ್ಲ, ಇಟ್ಟು ಹೋಗು, ನಾ ಹಚ್ಚಿಕೊಡ್ತೇನಿ."

"ನೀ ಹಚ್ಚಿಕೊಟ್ರ ನಾ ಯಾಕ ಬರ್ಬೇಕು ಗನಿಸಾಬ? ಬಾಯಿಲೆ ಹೇಳು, ಕೈ ನಂದು ಐತಿ."

ಅಬ್ದುಲಗನಿ ಹೇಳಿದ. ಮೊದಲು ಪಾಲಿಶ್ ಕಾಗದದಿಂದ ಕಟ್ಟಿಗೆಯ ಎಳೆಯ ಗುಂಟ ತಿಕ್ಕಬೇಕು, ಅಡ್ಡ ತಿಕ್ಕಬಾರದು. ಧೂಳು ಒರೆಸಿ ಅಗಸೆ ಎಣ್ಣೆ ಒಂದು ಸಲ ಕುಡಿಸಬೇಕು. ಕಟ್ಟಿಗೆ ಕುಡಿಯುವಷ್ಟು ಕುಡಿಯಲಿ, ಉಳಿದದ್ದನ್ನು ಒರೆಸಿ ತೆಗೆಯಬೇಕು. ನೆರಳಿನಲ್ಲಿ ವಾರವಿಡೀ ಆರಬೇಕು. ಆಮೇಲೆ ಥಿನ್ನರ್ ಬೆರೆಸಿದ ತೆಳುವಾದ ವಾರ್ನಿಶ್, ಒಂದು ಕೈ ಒಣಗಿದ ಮೇಲೆ ಇನ್ನೊಂದು ಕೈ.

"ಮತ್ತ ಒಂದು ಮಾತು. ಎಣ್ಣಿ ಒರಸಿದ ಅರಿವಿ ಮುದ್ದಿ ಮಾಡಿ ಮೂಲ್ಯಾಗ ಒಗಿಬ್ಯಾಡ. ಅದು ತಾನ ಕಾದು ತಾನ ಬೆಂಕಿ ಹತ್ತತೈತಿ. ನೀರಾಗ ಅದ್ದಿ ಹೊರಗ ಹರವು. ನಿನ್ನ ಮನಿ ಸುಟ್ರ ನಮ್ಮ ಮುರಿಗೆವ್ವಕ್ಕ ನನ್ನ ಮನಿಗೆ ಬಂದು ಕುಂದ್ರತಾಳ."

ಮೇ ತಿಂಗಳು ಪೂರ್ತಿ ಕುಬೇರಪ್ಪನಿಗೆ ಬೇರೆ ಕೆಲಸ ಇರಲಿಲ್ಲ. ಹಿತ್ತಲಿನ ನುಗ್ಗೆ ಗಿಡದ ನೆರಳಿನಲ್ಲಿ ಕುಳಿತು ನಲವತ್ತು ಕಡ್ಡಿಯನ್ನೂ ಕೆನ್ನೆಗೆ ಹಚ್ಚಿ ನೋಡುವಷ್ಟು ನುಣುಪಾಗಿ ತಿಕ್ಕಿದ. ಎಣ್ಣೆ ಕುಡಿಸಿದ. ಹಗ್ಗಕ್ಕೆ ಕಟ್ಟಿ ತೂಗುಬಿಟ್ಟ. ಮನೆಯೆಲ್ಲ ಅಗಸೆ ವಾಸನೆ ಹಿಡಿದು, ಬಂದವರೆಲ್ಲ ಇವತ್ತು ಊಟಕ್ಕೆ ಅಗಸಿ ಹಿಂಡಿ ಇದೆಯೇನೋ ಎಂದು ಮೂಗು ಅರಳಿಸುತ್ತಿದ್ದರು. ನಾನೂ ಒಂದು ದಿನ ಹಾಗೇ ಮೋಸಹೋದೆ.

ವಾರ್ನಿಶ್ ಹಚ್ಚುವ ಹೊತ್ತಿಗೆ ಅವನು ಪರಿಚಯದ ಪತ್ತಾರರ ಮನೆಯಿಂದ ಚಿನ್ನ ತೂಗುವ ಸಣ್ಣ ತಕ್ಕಡಿ ಕೇಳಿ ತಂದ, ಜೊತೆಗೆ ಒಂದು ಮುಷ್ಟಿ ಗುಲಗಂಜಿ. ಕೆಂಪು ಮೈಗೆ ಕರಿ ಬೊಟ್ಟಿಟ್ಟಂಥ ಈ ಕಾಳಿನಿಂದಲೇ ಹಿಂದೆ ಚಿನ್ನ ತೂಗುತ್ತಿದ್ದರು. ಒಂದೊಂದೇ ಕಡ್ಡಿ ತೂಗಿದ. ಅತಿ ಹಗುರಾದದ್ದಕ್ಕೂ ಅತಿ ಭಾರದ್ದಕ್ಕೂ ಹದಿನೆಂಟು ಗುಲಗಂಜಿ ಅಂತರ ಬಂತು.

ಎದುರಿಗೆ ಇಂಥದ್ದು ಕಂಡರೆ ತೂಕದವನ ಕೈ ಏನು ಮಾಡುತ್ತದೆ? ಹಗುರಾದ ಚೀಲಕ್ಕೆ ಬೊಗಸೆ ಸುರಿಯುತ್ತದೆ. ಕುಬೇರಪ್ಪ ಅದನ್ನೇ ಮಾಡಿದ. ಭಾರದ ಕಡ್ಡಿಗೆ ಎರಡು, ಮೂರು ಕೈ ವಾರ್ನಿಶ್, ನಡುವಿನವಕ್ಕೆ ನಾಲ್ಕು, ತೀರ ಹಗುರಾದವಕ್ಕೆ ಆರು, ಏಳು, ಎಂಟು. ಯಾವುದಕ್ಕೆ ಎಷ್ಟು ಕೈ ಎಂದು ಕಡ್ಡಿಯ ಬುಡದಲ್ಲಿ ಕೈಗೊಂದರಂತೆ ಸಣ್ಣ ಗೆರೆ ಹಾಕಿ ಇಟ್ಟ. ಜೂನ್ ಮೊದಲ ವಾರದ ಹೊತ್ತಿಗೆ ನಲವತ್ತೂ ಕಡ್ಡಿ ಒಂದೇ ತೂಕ. ನನ್ನನ್ನು ಕರೆದು ತೋರಿಸಿದ. ಯಾವ ಎರಡನ್ನು ತಕ್ಕಡಿಗೆ ಹಾಕಿದರೂ ಮುಳ್ಳು ನಟ್ಟನಡುವೆ. ಮೈಯೋ, ಮದುವೆಮನೆಯ ಹಿತ್ತಾಳೆ ದೀಪದ ಸಮೆಯಂತೆ ಹೊಳೆಯುತ್ತಿತ್ತು.

"ಹೆಂಗ?" ಅಂದ.

"ಛಲೋ ಆಗ್ಯಾವ" ಅಂದೆ. ನನ್ನ ಮಾತಿಗೂ ಆ ಸಲ ಬೆಲೆ ಇರಲಿಲ್ಲ ಅನ್ನುವುದು ಆಮೇಲೆ ಗೊತ್ತಾಯಿತು.

ಸೌಮ್ಯಾ ಅವುಗಳಲ್ಲಿ ಹನ್ನೆರಡು ಕಡ್ಡಿಗೆ ಮೊನೆ ಕೂರಿಸಿ ಗರಿ ಅಂಟಿಸಿದಳು. ಕೆಲಗೇರಿಯ ಬಯಲಿಗೆ ಕುಬೇರಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋದ. ಕೆರೆಯ ಕಡೆಯಿಂದ ಗಾಳಿ ಇರಲಿಲ್ಲ, ಮಳೆಯೂ ಇರಲಿಲ್ಲ. ಸೌಮ್ಯಾ ಆರು ಬಾಣ ಬಿಟ್ಟಳು. ಮೂರು ನಡುವಿಗೆ ಹೋದವು. ಮೂರು ಬಲಕ್ಕೆ ಹೋದವು. ಮತ್ತೆ ಆರು ಬಿಟ್ಟಳು. ಎರಡು ನಡುವಿಗೆ, ನಾಲ್ಕು ಬಲಕ್ಕೆ. ಒಂದಂತೂ ಹಲಗೆಯ ಅಂಚು ಸವರಿಕೊಂಡು ಹುಲ್ಲಿನಲ್ಲಿ ಮಾಯವಾಯಿತು. ಹಲಗೆಗೆ ಬಿದ್ದ ಬಾಣಗಳನ್ನು ಕೀಳಲು ಇಬ್ಬರು ಬೇಕಾದರು. ದಪ್ಪ ವಾರ್ನಿಶ್ ಹುಲ್ಲಿಗೆ ಉಜ್ಜಿದ ಬಿಸಿಗೆ ಮೆತ್ತಗಾಗಿ ಅಂಟಿಕೊಂಡಿತ್ತು. ಕಿತ್ತ ಬಾಣದ ಮೈಮೇಲೆ ಹೊಳಪು ಬಿರುಕು ಬಿಟ್ಟು ಸಿಪ್ಪೆ ಏಳುತ್ತಿತ್ತು.

ಪ್ರಸಾದ ಸರ್ ಮೆಲುದನಿಯವರು. "ಅಜ್ಜಾರ, ತೂಕ ಭಾಳ ಛಲೋ ಕೂಡ್ಯಾವ್ರಿ. ಆದರ ಬಾಣ ಹೋಗೂದು ತೂಕದ ಮ್ಯಾಲಷ್ಟ ಅಲ್ರಿ. ಹೋದ ವರ್ಷದ ಹಳೇ ಬಾಣ ಒಬ್ಬಾಕಿ ಹುಡುಗಿ ಕಡೆ ಅದಾವು. ಈ ಸಲಕ್ಕ ಅವನ್ನ ಇಸಗೊಂಡು ಹೊಡೀಲಿ ಬಿಡ್ರಿ."

"ಅವು ಮಳ್ಯಾಗ ನಿಲ್ತಾವೇನ್ರಿ?" ಎಂದು ಕೇಳಿದ ಕುಬೇರಪ್ಪ.



ಸೌಮ್ಯಾಗೆ ಸಿಟ್ಟು ತಡೆಯಲಾಗಲಿಲ್ಲ. "ಮಾಮಾ, ಕಪಾಟಿಗೆ ಹಚ್ಚಿದಂಗ ಹಚ್ಚೀರಿ. ನೋಡಾಕ ಭಾಳ ಚೆಂದ ಅದಾವು. ಷೋಕೇಸಿನ್ಯಾಗ ಇಡ್ರಿ."

ಕುಬೇರಪ್ಪ ಅವಳ ಮಾತಿಗೆ ಕಿವಿ ಕೊಡದೆ ನೆಲದ ಮೇಲೆ ಕುಳಿತು, ಬಾಣಗಳನ್ನು ಎರಡು ಗುಂಪು ಮಾಡಿದ. ನಡುವಿಗೆ ಹೋದವು ಎಡಕ್ಕೆ. ಬಲಕ್ಕೆ ಹೋದವು ಬಲಕ್ಕೆ. ಆಮೇಲೆ ಬುಡದ ಗೆರೆ ಎಣಿಸಿದ. ನಡುವಿಗೆ ಹೋದವುಗಳ ಮೇಲೆ ಎರಡು ಗೆರೆ, ಮೂರು ಗೆರೆ. ಬಲಕ್ಕೆ ಹೋದ ಒಂದೊಂದರ ಮೇಲೂ ಆರು, ಏಳು, ಎಂಟು. ಒಂದನ್ನು ಎತ್ತಿ ಮೊಣಕಾಲಿನ ಮೇಲೆ ಇಟ್ಟು ಮೆಲ್ಲಗೆ ಒತ್ತಿದ. ಇನ್ನೊಂದನ್ನು ಒತ್ತಿದ. ಮತ್ತೆ ಮೊದಲಿನದನ್ನು ಒತ್ತಿದ.

"ಹಗುರ ಇದ್ದವು ಮೆತ್ತಗೂ ಅದಾವು" ಅಂದ ತನ್ನಷ್ಟಕ್ಕೆ. "ನಾ ತೂಕ ತುಂಬಿದೆ. ಗಟ್ಟಿತನ ತುಂಬಾಕ ಬರಂಗಿಲ್ಲ."

ಪ್ರಸಾದ ಸರ್ ತಲೆಯಾಡಿಸಿದರು. ಬಿಲ್ಲಿನ ಹೆದೆ ನೂಕಿದ ಕೂಡಲೇ ಬಾಣ ಹಾವಿನಂತೆ ಒಮ್ಮೆ ಬಾಗಿ ನೆಟ್ಟಗಾಗುತ್ತದೆ. ಒಂದೊಂದು ಒಂದೊಂದು ನಮೂನೆ ಬಾಗಿದರೆ ಒಂದೊಂದು ದಾರಿ ಹಿಡಿಯುತ್ತದೆ ಎಂದು ತಿಳಿಸಿ ಹೇಳಿದರು.

"ಆಯ್ಕಿಗೆ ಇನ್ನ ಎಷ್ಟು ದಿವಸ ಐತ್ರಿ?"

"ಐದು ವಾರ."

"ಹುಲ್ಲಾಗ ಹೋದದ್ದನ್ನ ಹುಡುಕು ಸೌಮ್ಯಾ. ಎಲ್ಲಾ ಕಟ್ಟಿಕೊಡು."

"ಮತ್ತ ಹಚ್ಚತೀರೇನು?"

"ಮದ್ಲ ತಗೀತೇನಿ."

ಹಚ್ಚುವುದಕ್ಕಿಂತ ತೆಗೆಯುವುದು ಹತ್ತು ಪಟ್ಟು ಕಷ್ಟ. ಬಾಣವಾದವುಗಳ ಮೊನೆ, ಗರಿ ಕಿತ್ತು, ಥಿನ್ನರಿನಲ್ಲಿ ಅರಿವೆ ಅದ್ದಿ ಸುತ್ತಿ, ಮೆತ್ತಗಾದ ವಾರ್ನಿಶನ್ನು ಒರಟು ಬಟ್ಟೆಯಿಂದ ಸುಲಿದು, ಮತ್ತೆ ಪಾಲಿಶ್ ಕಾಗದ ಹಿಡಿದು ಎಳೆಯ ಗುಂಟ ತಿಕ್ಕಬೇಕು. ಜಾಸ್ತಿ ತಿಕ್ಕಿದರೆ ಕಡ್ಡಿ ತೆಳ್ಳಗಾಗುತ್ತದೆ, ಕಡಿಮೆ ತಿಕ್ಕಿದರೆ ಹಳೆಯ ಸಿಪ್ಪೆ ಉಳಿಯುತ್ತದೆ. ಅಷ್ಟರಲ್ಲಿ ಮಳೆಗಾಲ ಶುರುವಾಗಿತ್ತು. ಹಿತ್ತಲು ಬಿಟ್ಟು ಪಡಸಾಲೆಗೆ ಬಂದ. ಕೆಲಸ ಮಾಡುವಾಗ ಬಾಗಿಲು ಕಿಟಕಿ ಎಲ್ಲ ತೆರೆದೇ ಇರಬೇಕು, ಇಲ್ಲದಿದ್ದರೆ ಆ ವಾಸನೆಗೆ ತಲೆ ಸುತ್ತುತ್ತದೆ, ತೆರೆದರೆ ಎರಚಲು. ಬೆರಳ ತುದಿಯ ಚರ್ಮ ಸುಲಿದು, ಬಿಸಿ ರೊಟ್ಟಿ ಹಿಡಿಯಲು ಆಗುತ್ತಿರಲಿಲ್ಲ. ಮುರಿಗೆವ್ವ ಬೈಯುತ್ತಲೇ ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ ಕೊಡುತ್ತಿದ್ದಳು.

"ಯಾರ್ಡಿನ್ಯಾಗ ಕ್ವಿಂಟಲ್ ಎತ್ತಿದ ಕೈ ಕಡ್ಡಿ ಮುಂದ ಸೋತಾವು ನೋಡ್ರಿ."

"ಸೋತಿಲ್ಲ, ತೊಗಲು ಹೋಗೇತಿ. ಬರತೈತಿ."

ಹದಿಮೂರು ದಿನ ಹಿಡಿಯಿತು. ಬಯಲಿನಲ್ಲಿ ಎರಡು ಮುರಿದಿದ್ದವು, ಸುಲಿಯುವಾಗ ಒಂದು ಸೀಳಿತು. ಮೂವತ್ತೇಳು ಕಡ್ಡಿ ಮತ್ತೆ ಬರಿಮೈಯಾಗಿ ನಿಂತವು.

ಈಗ ಅವುಗಳ ಗಟ್ಟಿತನ ಅಳೆಯಬೇಕು. ಅದಕ್ಕೆ ಯಂತ್ರ ಇದೆಯಂತೆ, ಪ್ರಸಾದ ಸರ್ ಬೇರೆ ಊರಿನಲ್ಲಿ ಕಂಡಿದ್ದರಂತೆ. ಕುಬೇರಪ್ಪ ಬೇರೆ ಊರಿಗೆ ಹೋಗಲಿಲ್ಲ. ಒಂದು ಹಲಗೆಯನ್ನು ಗೋಡೆಗೆ ಹೊಡೆದು, ಮೊಳ ಚಿಲ್ಲರೆ ಅಂತರದಲ್ಲಿ ಎರಡು ಮೊಳೆ ಬಡಿದ. ಹಲಗೆಯ ನಡುವೆ ಬಿಳಿ ಕಾಗದ ಅಂಟಿಸಿದ. ಮೊಳೆಗಳ ಮೇಲೆ ಕಡ್ಡಿ ಅಡ್ಡ ಇಟ್ಟು, ಅದರ ನಟ್ಟನಡುವೆ ದಾರದಿಂದ ಒಂದು ಕಿಲೋದ ಕಬ್ಬಿಣದ ತೂಕ ಇಳಿಬಿಟ್ಟ. ಕಡ್ಡಿ ಎಷ್ಟು ಜೋಲುತ್ತದೋ ಅಲ್ಲಿಗೆ ಕಾಗದದ ಮೇಲೆ ಚೂಪು ಪೆನ್ಸಿಲಿನಿಂದ ಗೆರೆ. ಒಂದು ತೆಗೆದು ಇನ್ನೊಂದು. ಗೆರೆಗಳ ಮೇಲೆ ಗೆರೆ ಬೀಳುತ್ತ ಹೋದವು. ಒಂದೇ ಕಡ್ಡಿಯನ್ನು ತಿರುಗಿಸಿ ಇಟ್ಟರೆ ಗೆರೆ ಬದಲಾಗುವುದನ್ನೂ ಕಂಡುಕೊಂಡ. ಎಳೆಯ ಯಾವ ಮಗ್ಗುಲು ಮೇಲೆ ಬರುತ್ತದೆ ಅನ್ನುವುದರ ಮೇಲೆ ಅದು ನಿಂತಿತ್ತು. ಆಗ ಮೂವತ್ತೇಳನ್ನೂ ಒಂದೇ ಮಗ್ಗುಲಿಗೆ ತಿರುಗಿಸಿ ಮತ್ತೆ ಮೊದಲಿನಿಂದ ಅಳೆದ. ಕಡೆಗೆ ಹದಿನಾಲ್ಕು ಕಡ್ಡಿ ಒಂದೇ ಗೆರೆಯ ಮೇಲೆ ಬಂದವು. ಕೂದಲೆಳೆಯಷ್ಟೂ ಆಚೀಚೆ ಇಲ್ಲ.

ಹದಿನಾಲ್ಕನ್ನೂ ಪತ್ತಾರರ ತಕ್ಕಡಿಗೆ ಹಾಕಿದ. ಅಲ್ಲಿ ಮತ್ತೆ ತೊಡಕು ಎದುರಾಯಿತು. ಬಾಗುವುದು ಒಂದೇ ಸಮ, ತೂಕ ಮಾತ್ರ ಒಂದೊಂದು. ಅತಿ ಭಾರದ್ದನ್ನೂ ಅತಿ ಹಗುರಾದದ್ದನ್ನೂ ತೆಗೆದು ಹನ್ನೆರಡಕ್ಕೆ ಇಳಿಸಿದ ಮೇಲೂ ನಾಲ್ಕು ಗುಲಗಂಜಿ ಅಂತರ ಉಳಿಯಿತು.

ನಾನು ಅವತ್ತು ಅಲ್ಲೇ ಇದ್ದೆ. ಅಬ್ದುಲಗನಿಯೂ ಹೊಸ ವಾರ್ನಿಶ್ ಡಬ್ಬಿ ಕೊಡಲು ಬಂದಿದ್ದ. ಕುಬೇರಪ್ಪ ತಕ್ಕಡಿಯ ಮುಂದೆ ಕುಳಿತವನು ಏಳಲೇ ಇಲ್ಲ. ಹಗುರಾದದ್ದನ್ನು ಎತ್ತುತ್ತಿದ್ದ, ಕುಂಚದ ಕಡೆ ನೋಡುತ್ತಿದ್ದ, ಇಡುತ್ತಿದ್ದ.

"ಒಂದ ಕೈ ಹೆಚ್ಚು ಹಚ್ಚಿದ್ರ ಸಮ ಆಕ್ಕಾವು ಗನಿಸಾಬ. ಒಂದ ಕೈ."

"ಹಚ್ಚು. ಆಮ್ಯಾಲ ಮತ್ತ ಹದಿಮೂರು ದಿವಸ ಸುಲಿ. ನಿನ್ನ ಬೆರಳಾಗ ಇನ್ನ ಎಲುವು ಉಳದಾವು."

"ನಾಲ್ಕು ಗುಲಗಂಜಿ ಫರಕು ಇಟ್ಟು ನಾ ಯಾವ ಮಾಲೂ ಕೈ ಬಿಟ್ಟಿಲ್ಲ. ಒಮ್ಮೆನೂ ಬಿಟ್ಟಿಲ್ಲ."

"ಅರೇ, ಇದನ್ನ ಯಾರ ಕೊಳ್ಳಾವ್ರು? ಇದು ಹಾರಿ ಹೋಗೂ ಮಾಲು."

ಕುಬೇರಪ್ಪ ಎದ್ದು ತಕ್ಕಡಿ ಮಡಚಿದ, ಗುಲಗಂಜಿ ಪೊಟ್ಟಣ ಕಟ್ಟಿದ, ಕೊಡೆ ಹಿಡಿದು ಹೊರಟ. ತಕ್ಕಡಿಯನ್ನು ಪತ್ತಾರರ ಮನೆಗೆ ಕೊಟ್ಟೇ ಬಂದ. ಬಂದು ಕಾಲು ತೊಳೆದುಕೊಳ್ಳುತ್ತ, "ಕಣ್ಣಮುಂದ ಇದ್ರ ಕೈ ಸುಮ್ಮನ ಇರಂಗಿಲ್ಲ" ಅಂದ. ಅವನ ಜೋಡಿ ಕಳೆದ ಅಷ್ಟು ವರ್ಷದಲ್ಲಿ ಅವನು ತೂಕಕ್ಕೆ ಬೆನ್ನು ಹಾಕಿದ್ದನ್ನು ನಾನು ಕಂಡದ್ದು ಅವತ್ತೊಂದೇ ದಿನ.

ಕುಂಚವನ್ನೂ ಬಿಟ್ಟ. ಕುಂಚದ ಕೈ ಒಮ್ಮೆ ದಪ್ಪ, ಒಮ್ಮೆ ತೆಳು. ನಲ್ಲಿಯವನ ಹತ್ತಿರ ಉದ್ದದ ಪ್ಲಾಸ್ಟಿಕ್ ಪೈಪು ತಂದು ಒಂದು ಬಾಯಿ ಬಿಗಿಯಾಗಿ ಮುಚ್ಚಿದ, ನೆಟ್ಟಗೆ ನಿಲ್ಲಿಸಿ ತೆಳು ವಾರ್ನಿಶ್ ತುಂಬಿದ. ಮೇಲಿನ ಬಾಯಿಗೆ ಸೈಕಲ್ ಟ್ಯೂಬಿನ ರಬ್ಬರ್ ಬಿಗಿದು, ಕಡ್ಡಿ ತೂರುವಷ್ಟೇ ತೂತು ಮಾಡಿದ. ಕಡ್ಡಿಯನ್ನು ಒಳಗೆ ಮುಳುಗಿಸಿ ಮೆಲ್ಲಗೆ ಮೇಲೆತ್ತಿದರೆ ರಬ್ಬರು ಹೆಚ್ಚಿನದನ್ನೆಲ್ಲ ಒರೆಸಿ, ಈರುಳ್ಳಿಯ ಒಳಸಿಪ್ಪೆಯಷ್ಟು ತೆಳುವಾಗಿ ಉಳಿಸುತ್ತಿತ್ತು. ಹನ್ನೆರಡಕ್ಕೂ ಒಂದೇ ದಪ್ಪ. ಎರಡೇ ಕೈ ಸಾಕು, ಒಳಗೆ ಕುಡಿದ ಎಣ್ಣೆ ಒಳಗೇ ಇದೆ ಎಂದಿದ್ದ ಅಬ್ದುಲಗನಿ.

ಒಣಗಿಸುವುದು ಎಲ್ಲಿ? ಹೊರಗೆ ಬಿಸಿಲು ಕಂಡು ಎಂಟು ದಿನ ಆಗಿತ್ತು. ಗೋಡೆ ಮುಟ್ಟಿದರೆ ಕೈ ಒದ್ದೆ. ಮುರಿಗೆವ್ವ ಬಸವಣ್ಣನ ಗುಡಿಗೆ ಹೋದ ಹೊತ್ತು ನೋಡಿ ಕುಬೇರಪ್ಪ ಅವಳ ಕಟ್ಟಿಗೆ ಕಪಾಟು ಖಾಲಿ ಮಾಡಿದ. ಕಡ್ಡಿಗಳ ಮೈಯ ಹಸಿ ವಾಸನೆ ಪಡಸಾಲೆಯ ಗಾಳಿಗೆ ಹಾರುವ ತನಕ ಕಾದು, ಆಮೇಲೆ ಅವನ್ನು ಕಪಾಟಿನ ಮೇಲಿನ ಸರಳಿಗೆ ದಾರದಿಂದ ತೂಗುಬಿಟ್ಟ. ಕೆಳಗೆ ಮೂಲೆಯಲ್ಲಿ ಹಳೆಯ ನಮೂನೆಯ ಒಂದು ಬಲ್ಬು ಹಚ್ಚಿ, ಬಾಗಿಲು ನಾಲ್ಕು ಬೆರಳು ತೆರೆದಿಟ್ಟ. ಒಳಗೆ ಕೋಳಿಯ ಕಾವಿನಷ್ಟು ಬಿಸಿ.

ಮುರಿಗೆವ್ವ ಬಂದು ನೋಡಿದಳು. ಅವಳ ಇಳಕಲ್ ಸೀರೆಗಳೆಲ್ಲ ಮಂಚದ ಮೇಲೆ.

"ಏನ್ರೀ ಇದು? ನನ್ನ ಸೀರಿ ಹೊರಗ, ನಿಮ್ಮ ಕಡ್ಡಿ ಒಳಗ!"

"ನಾಲ್ಕ ದಿವಸ."

"ನಾಲ್ವತ್ತು ವರ್ಷಾತು ಈ ಮನಿಗೆ ಬಂದು, ನನಗ ಒಂದು ದಿನ ಇಷ್ಟು ಬೆಚ್ಚಗ ಇಟ್ಟಿಲ್ಲ ನೀವು."

ಅಂದಳು, ಆದರೆ ದಿನಕ್ಕೆ ಎರಡು ಸಲ ಕಪಾಟಿನಲ್ಲಿ ಕೈ ಆಡಿಸಿ, ಬಿಸಿ ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ ನೋಡಿ ಹೇಳುತ್ತಿದ್ದವಳೂ ಅವಳೇ.

ಆಯ್ಕೆಗೆ ಆರು ದಿನ ಇರುವಾಗ ಸೌಮ್ಯಾ ಹನ್ನೆರಡನ್ನೂ ಒಯ್ದಳು. ಬುಡದಲ್ಲಿ ಕಚ್ಚು ಕೊರೆದು, ಮೊನೆ ಕೂರಿಸಿ, ಗರಿ ಅಂಟಿಸಿ, ಬಿಟ್ಟು ನೋಡಿ ಸಂಜೆ ಫೋನ್ ಮಾಡಿದಳು. "ಮಾಮಾ, ಎಲ್ಲಾ ಒಂದ ಕಡೆ ಹೊಂಟಾವ್ರಿ." ಇಷ್ಟೇ ಹೇಳಿದಳು. ಕುಬೇರಪ್ಪ ಫೋನ್ ಇಟ್ಟು, "ಇನ್ನ ಮಳಿ ನೋಡ್ಬೇಕು" ಅಂದ.

ಆಯ್ಕೆಯ ದಿನ ಬೆಳಗಿನಿಂದಲೇ ಮಳೆ ಕಟ್ಟಿಕೊಂಡು ಬಂದಿತ್ತು. ಮೊದಲು ಐವತ್ತು ಮೀಟರ್, ಆಮೇಲೆ ಮೂವತ್ತು, ಆರಾರು ಬಾಣದಂತೆ ಹಲವು ಸುತ್ತು. ನಾವು ಮೂವರೂ, ಅಂದರೆ ಕುಬೇರಪ್ಪ, ಮುರಿಗೆವ್ವ, ನಾನು, ಬಯಲಿನ ಅಂಚಿನ ತಗಡಿನ ಚಪ್ಪರದ ಕೆಳಗೆ ಕುಳಿತೆವು. ಐವತ್ತರಲ್ಲಿ ಸೌಮ್ಯಾ ಆರನೆಯವಳು. ಕೈ ನಡುಗುತ್ತಿತ್ತು, ದೂರದಿಂದಲೂ ಕಾಣುತ್ತಿತ್ತು. ಅದಕ್ಕೆ ಯಾವ ವಾರ್ನಿಶೂ ಇಲ್ಲ. ಮುರಿಗೆವ್ವ ತುಟಿ ಕಚ್ಚಿಕೊಂಡಳು. ಕುಬೇರಪ್ಪ ಹುಡುಗಿಯನ್ನು ನೋಡುತ್ತಲೇ ಇರಲಿಲ್ಲ. ಅವನ ಕಣ್ಣೆಲ್ಲ ಹಲಗೆಯ ಮೇಲೆ.

"ಎಡಕ್ಕ ಹೋದವೂ ಒಟ್ಟಿಗೆ ಎಡಕ್ಕ ಹೋಗ್ಯಾವು. ಬಾಣ ಬರೋಬರಿ ಅದಾವು. ಆಕೀ ಕೈ ನಿಂತ್ರ ಸಾಕು" ಅಂದ.

ಮೂವತ್ತು ಮೀಟರಿಗೆ ಬರುವಷ್ಟರಲ್ಲಿ ಮಳೆ ಶುರುವಾಯಿತು. ಹೋದ ವರ್ಷದಂಥದ್ದೇ ಜಿಟಿಜಿಟಿ, ನಿಲ್ಲುವುದೂ ಇಲ್ಲ, ಜೋರೂ ಆಗುವುದಿಲ್ಲ. ಸೌಮ್ಯಾ ಪ್ರತಿ ಸಲ ಬಾಣ ಕಿತ್ತು ತಂದಾಗ ಸೆರಗಿನಂಥ ಒಂದು ಬಟ್ಟೆಯಿಂದ ಒರೆಸುತ್ತಿದ್ದಳು. ನೀರು ಕೆಸುವಿನ ಎಲೆಯ ಮೇಲಿನಿಂದ ಜಾರುವಂತೆ ಜಾರಿಹೋಗುತ್ತಿತ್ತು. ಪಕ್ಕದ ಹುಡುಗಿಯೊಬ್ಬಳು ತನ್ನ ಬಾಣವನ್ನು ಕಣ್ಣಿಗೆ ಹಿಡಿದು ನೋಡಿ ಕೆಳಗಿಟ್ಟು ಇನ್ನೊಂದು ಎತ್ತಿಕೊಂಡಳು. ಸೌಮ್ಯಾ ಒಮ್ಮೆಯೂ ಹಾಗೆ ಮಾಡಲಿಲ್ಲ. ಮೂರನೇ ಸುತ್ತಿನಿಂದ ಅವಳ ಕೈಯ ನಡುಕ ನಿಂತಿತು. ಕೈಯಲ್ಲಿದ್ದದ್ದರ ಮೇಲೆ ನಂಬಿಕೆ ಬಂದಿರಬೇಕು ಎಂದು ನನ್ನ ಎಣಿಕೆ. ಬಾಣ ಹೊಕ್ಕಲ್ಲೇ ಬಾಣ ಹೊಗತೊಡಗಿದವು.

ಮುಗಿದ ಮೇಲೆ ಅಂಕ ಕೂಡಿಸಲು ಹೊತ್ತು ಹಿಡಿಯಿತು. ಸೌಮ್ಯಾ ಬಂದು ಬಾಣಗಳ ಕಟ್ಟನ್ನು ಕುಬೇರಪ್ಪನ ಕೈಗೆ ಕೊಟ್ಟು ಅತ್ತೆಯ ಪಕ್ಕ ಕುಳಿತಳು. ಕುಬೇರಪ್ಪ ಚಪ್ಪರದ ಕೆಳಗಿನ ಕಡಪಾ ಕಲ್ಲನ್ನು ಪಂಚೆಯಿಂದ ಒರೆಸಿ, ಒಂದೊಂದೇ ಬಾಣವನ್ನು ಅಂಚಿಗೆ ಇಟ್ಟು, ಗರಿ ಹೊರಗೆ ಬಿಟ್ಟು, ಉರುಳಿಸಿ ನೋಡತೊಡಗಿದ. ನೆಟ್ಟಗಿದ್ದದ್ದು ಸದ್ದಿಲ್ಲದೆ ಉರುಳುತ್ತದೆ, ಬಾಗಿದ್ದು ಟಕಟಕ ಕುಣಿಯುತ್ತದೆ. ಮೊದಲನೆಯದು ಸದ್ದಿಲ್ಲದೆ ಉರುಳಿತು. ಎರಡನೆಯದು, ಮೂರನೆಯದು.

ಅಷ್ಟರಲ್ಲಿ ಆಚೆ ಮೈಕಿನಲ್ಲಿ ಹೆಸರು ಕರೆಯತೊಡಗಿದರು. ಒಂದು, ಎರಡು, ಮೂರು. ಮೂರೂ ಬೇರೆಯವರ ಹೆಸರು. ಮುರಿಗೆವ್ವ ಸೌಮ್ಯಾಳ ಮುಂಗೈ ಬಿಗಿಯಾಗಿ ಹಿಡಿದಳು. ಕುಬೇರಪ್ಪ ಹತ್ತನೆಯ ಬಾಣ ಕೈಯಲ್ಲಿ ಹಿಡಿದವನು ಉರುಳಿಸದೆ ಹಾಗೇ ನಿಂತ.

ನಾಲ್ಕನೆಯದು ಸೌಮ್ಯಾಳದು. ಐದನೆಯವಳಿಗಿಂತ ಎರಡು ಅಂಕ ಮುಂದೆ.

ಹುಡುಗಿ ಎದ್ದು ಓಡಿದಳು, ಅರ್ಧಕ್ಕೆ ತಿರುಗಿ ಬಂದಳು, ಮಾಮಾನ ಕಾಲು ಮುಟ್ಟಲು ಬಾಗಿದಳು. ಮುರಿಗೆವ್ವ ಅಳುತ್ತಿದ್ದಳು, ಅಳುತ್ತಲೇ ಚಪ್ಪರದಲ್ಲಿದ್ದವರಿಗೆಲ್ಲ ನನ್ನ ತಮ್ಮನ ಮಗಳು ನನ್ನ ತಮ್ಮನ ಮಗಳು ಎಂದು ಹೇಳುತ್ತಿದ್ದಳು. ಪ್ರಸಾದ ಸರ್ ಕೊಡೆ ಇಲ್ಲದೆ ನೆನೆದುಕೊಂಡೇ ಬಂದರು.

"ಅಜ್ಜಾರ, ಉಳಿದ ಹುಡುಗ್ರಿಗೂ ಹಿಂಗ ಮಾಡಿಕೊಡ್ಬೇಕ್ರಿ ನೀವು."

ಕುಬೇರಪ್ಪ ಹತ್ತನೆಯ ಬಾಣವನ್ನು ಕಲ್ಲಿನ ಮೇಲೆ ಉರುಳಿಸಿದ. ಅದು ಕುಣಿಯಿತು. ಮತ್ತೆ ಉರುಳಿಸಿದ, ಮತ್ತೆ ಕುಣಿಯಿತು. ಎತ್ತಿ ಕಣ್ಣಿನ ಹತ್ತಿರ ಹಿಡಿದು ನೋಡಿದ. ಹೆದೆ ಕೂರುವ ಕಚ್ಚಿನ ಒಳಗೆ, ಕಟ್ಟಿಗೆಯ ಎಳೆ ಬಾಯಿ ತೆರೆದಿರುವ ಕಡೆ, ಸಾಸಿವೆಯಷ್ಟು ಜಾಗ ಕಪ್ಪಗೆ ಒದ್ದೆಯಾಗಿತ್ತು.

"ಇಲ್ಲೆ ಕುಡದೈತಿ ನೋಡ್ರಿ. ಕಚ್ಚು ಕೊರದ ಮ್ಯಾಲ ಒಳಗ ಹಚ್ಚೇ ಇಲ್ಲ ನಾವು" ಅಂದ. "ರಾಜ್ಯದ್ದು ಯಾವಾಗ್ರಿ?"

"ಇನ್ನ ಇಪ್ಪತ್ತು ದಿವಸ ಐತ್ರಿ."

"ಸೌಮ್ಯಾ, ಹನ್ನೆರಡೂ ನನ್ನ ಕಡೆ ಇರ್ಲಿ. ಮತ್ತ ಆ ಹುಡುಗ್ರ ಕಡ್ಡೀನೂ ಕಳಸ್ರಿ ಸರ್. ಆದರ ಹಚ್ಚೂದು ಆಮ್ಯಾಲ. ಮದ್ಲ ಒಂದೊಂದಕ್ಕೂ ಕಿಲೋ ಕಟ್ಟಿ ನೋಡ್ತೇನಿ."

ಬಾಗಿದ್ದನ್ನು ಬೇರೆ ಇಟ್ಟು ಹನ್ನೊಂದನೆಯದನ್ನು ಕಲ್ಲಿನ ಮೇಲೆ ಇಟ್ಟ.